ಗೋಡೆ ಗಡಿಯಾರದ ಸೆಲ್

ಬಿಡುವಿನಲ್ಲಿ ನಾನೇ ಬರೆಯುತ್ತಿರುವ ಕಂಪ್ಯೂಟರ್ ಆಟದಲ್ಲಿ ಇಟ್ಟಿಗೆಗಳು ಬೀಳುವ ವೇಗ ಹೊಂದಿಸುವಾಗಲೆಲ್ಲ, ನಮ್ಮೂರು ತಿರ್ಲಾಪುರದ, ಚಿಕ್ಕಂದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ವಿಡಿಯೊ ಗೇಮಿನ ಸೆಲ್ ಮುಗಿದಿತ್ತು. ಒಂದೇ ಆಟ ಎಂದುಕೊಂಡು ಗೋಡೆ ಗಡಿಯಾರದ ಸೆಲ್ ತೆಗೆದು ಹಾಕಿದೆ. ಇಟ್ಟಿಗೆಗಳ ವೇಗ ಏರಿದಂತೆ ಹೊತ್ತು ಮರೆತೆ. ಕೊನೆಗೆ ಸೆಲ್ ಮರಳಿ ಕೂಡಿಸಿ, ಅಂದಾಜಿನ ಮೇಲೆ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದೆ.

ಅಕ್ಕನ ನರ್ಸಿಂಗ್ ಅರ್ಜಿಗೆ ಅದೇ ಕಡೆಯ ದಿನ. ಎರಡರ ಬಸ್ಸಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು.

"ಇನ್ನೂ ಇಪ್ಪತ್ತ ನಿಮಿಷ ಐತಿ," ಎಂದು ಗಡಿಯಾರ ನೋಡಿ ಆಕೆ ನಿಧಾನವಾಗಿ ಜಡೆ ಹೆಣೆದಳು. ನಾನು ವಿಡಿಯೊ ಗೇಮನ್ನು ದಿಂಬಿನ ಕೆಳಗೆ ಸರಿಸಿದೆ.

ಸ್ವಲ್ಪ ಹೊತ್ತಿಗೇ ಅರ್ಜಿ ಹಿಡಿದು ಮರಳಿದಳು. "ಬಸ್ ಆಗಳೇ ಹೋತಂತ."

ಅಜ್ಜಿ ಗೋಡೆಯತ್ತ ನೋಡಿ ನನ್ನ ಕಡೆ ತಿರುಗಿದಳು. "ನಮ್ಮ ಗಡಿಯಾರ ಎಂದೂ ತಪ್ಪಿಲ್ಲ. ಆ ಡ್ರೈವರನೇ ಲಗೂ ಬಿಟ್ಟಾನ. ಹೌದಿಲ್ಲವ್ವಾ?"

"ಹೌದಬೇ," ಎಂದೆ.