ಅಳಿಯನ ಎಡಗಾಲು

ಬೆಳಗಾದರೆ ಹುಳಿಯಾರಿಗೂ ನೊಣವಿನಕೆರೆಗೂ ಹಾಕಿ ಸೆಮಿಫೈನಲ್. ಹಿಂದಿನ ಸಂಜೆ ಹುಳಿಯಾರು ತಂಡದ ಗೋಲ್‌ಕೀಪರ್ ಮಾಯಣ್ಣ ನೊಣವಿನಕೆರೆಯಲ್ಲಿ ಬಸ್ಸಿಳಿದು, ಕುಂಟುತ್ತಾ ಸೀದಾ ಮಾವನ ಮನೆಗೆ ಬಂದ. ಜಗುಲಿಯ ಮೇಲೆ ಕೂತಿದ್ದ ಮಾವ ಹುಚ್ಚರಂಗಯ್ಯ ಅಳಿಯನ ಮುಖ ನೋಡಲಿಲ್ಲ, ಕಾಲು ನೋಡಿದ. ದನದ ದಲ್ಲಾಳಿಯ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ.

ಉಳುಕು ತೆಗೆಯುವುದರಲ್ಲಿ ಅತ್ತೆ ಹೊಂಬಾಳಮ್ಮ ಎತ್ತಿದ ಕೈ. ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ಅಳಿಯನ ಪಾದ ನೀವಲು ಕೂತಳು. ತೋಟದಲ್ಲಿ ಕಾಯಿರಾಶಿ ಜಾರಿ ಕಾಲು ಹೊರಳಿತಂತೆ. ಹುಳಿಯಾರಿನಲ್ಲಿ ಯಾರಿಗೂ ಹೇಳಿಲ್ಲವಂತೆ. ಗೊತ್ತಾದರೆ ಇವನನ್ನು ಕೂರಿಸಿ ಬೇರೆಯವನನ್ನು ಇಳಿಸಿಬಿಡುತ್ತಾರಂತೆ. ಹೊಂಬಾಳಮ್ಮ ಎಣ್ಣೆ ಬಟ್ಟಲು ಹಿಡಿದು ಒಳಗೆ ಹೋದ ಮೇಲೆ ಮಾಯಣ್ಣ ದನಿ ತಗ್ಗಿಸಿದ.

"ಎಡಗಾಲು ಎತ್ತಕ್ಕೇ ಆಗ್ತಿಲ್ಲ ಮಾವ. ಆ ಕಡೆ ಬಾಲ್ ಬಂದ್ರೆ ನಾನು ಸತ್ತಂಗೇಯ. ನಿಮ್ಮೂರೋರ ಕಿವಿಗೆ ಬೀಳಬಾರ್ದು. ನಿಮ್ಮನ್ನ ನಂಬಿ ಹೇಳಿವ್ನಿ."

"ನನ್ನ ಬಾಯಿಂದ ಬರಕಿಲ್ಲ ಬುಡಿ ಅಳಿಯಂದ್ರೇ," ಎಂದ ಹುಚ್ಚರಂಗಯ್ಯ.

ಎಂದನೇನೋ ಸರಿ, ಕಣ್ಣು ಮಾತ್ರ ಆ ಎಡಗಾಲನ್ನು ಬಿಟ್ಟು ಕದಲಲಿಲ್ಲ. ಕ್ವಾಲಾಲಂಪುರದಲ್ಲಿ ಇಂಡಿಯಾ ವಿಶ್ವಕಪ್ ಗೆದ್ದಾಗ ರೇಡಿಯೋ ಮುಂದೆ ಕೂತು ಹತ್ತಿಸಿಕೊಂಡ ಹಾಕಿ ಹುಚ್ಚು ಅವನದು. ಜನ್ಮದಲ್ಲಿ ಸ್ಟಿಕ್ ಹಿಡಿದವನಲ್ಲ, ಆದರೆ ನೊಣವಿನಕೆರೆ ಆಡುವ ಒಂದು ಆಟವನ್ನೂ ತಪ್ಪಿಸಿದವನೂ ಅಲ್ಲ. ಮೂರು ವರ್ಷದಿಂದ ಇದೇ ಸೆಮಿಫೈನಲ್ಲಿನಲ್ಲಿ ಇದೇ ಹುಳಿಯಾರಿನವರು ಮಣ್ಣು ಮುಕ್ಕಿಸುತ್ತಿದ್ದರು. ಈ ಸಲ ಗೆದ್ದರೆ ತುಮಕೂರಿನಲ್ಲಿ ಫೈನಲ್. ಸಾಯುವುದರೊಳಗೆ ಅದೊಂದನ್ನು ಕಣ್ಣಾರೆ ನೋಡಬೇಕೆಂದು ಅವನಿಗೆ ಆಸೆ.

ತನ್ನ ಎತ್ತು ಕುಂಟು ಎಂದು ತಾನೇ ಬಾಯಿಬಿಟ್ಟು ಹೇಳಿದವನನ್ನು ಮೂವತ್ತು ವರ್ಷದ ವ್ಯಾಪಾರದಲ್ಲಿ ಹುಚ್ಚರಂಗಯ್ಯ ಒಬ್ಬನನ್ನೂ ಕಂಡಿರಲಿಲ್ಲ. ಅಂಥದ್ದರಲ್ಲಿ ಎದುರಾಳಿಯ ಮನೆಗೆ ಬಂದು, ಇಂಥ ಕಾಲೇ ಕುಂಟು ಎಂದು ಬೆರಳಿಟ್ಟು ತೋರಿಸುವವನು ಎಂಥ ಕಿಲಾಡಿಯಿರಬೇಡ! ಮಾವ ಹೋಗಿ ಊರವರಿಗೆ ಊದುತ್ತಾನೆ, ಅವರು ಎಡಕ್ಕೇ ಹೊಡೆಯುತ್ತಾರೆ, ತಾನು ಅಲ್ಲೇ ಗೂಟ ಹೊಡೆದುಕೊಂಡು ನಿಂತರಾಯಿತು ಎಂಬ ಲೆಕ್ಕ ಇವನದು. ಅನುಮಾನಕ್ಕೆಂದು ಪಾದ ಮುಟ್ಟಿಯೂ ನೋಡಿದ. ಸುಡುತ್ತಿತ್ತು. ಬಿಸಿ ಎಣ್ಣೆ ತಿಕ್ಕಿದರೆ ಯಾರ ಪಾದ ಸುಡುವುದಿಲ್ಲ? ಬಾವು ಬಂದಿದೆ ಎಂದು ಹೆಂಡತಿ ಹೇಳಿದ್ದಳು, ಅವಳಿಗೋ ಅಳಿಯ ಅಂದರೆ ದೇವರು.

ಎಲೆ ಅಡಿಕೆ ತರುವ ನೆಪ ಹೇಳಿ ಹೊರಟವನು ತಮ್ಮೂರ ತಂಡದ ಕ್ಯಾಪ್ಟನ್ ಗಂಗಣ್ಣನ ಮನೆಗೆ ಹೋದ. ಚೆಂಡು ಗೋಲ್‌ಕೀಪರನ ಬಲಗಾಲಿನ ಕಡೆಗೇ ಹೋಗಬೇಕು, ಎಡಕ್ಕೆ ಒಂದೂ ಬೇಡ, ಯಾಕೆ ಏನು ಎಂದು ಕೇಳಬೇಡಿ ಅಂದ. ಗಂಗಣ್ಣ ಕೇಳಲಿಲ್ಲ. ಅಳಿಯನ ಒಳಗುಟ್ಟು ಮಾವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಹುಚ್ಚರಂಗಯ್ಯನಿಗೂ ಸಮಾಧಾನವಾಯಿತು. ಅಳಿಯ ಹೇಳಿದ್ದನ್ನು ಅವನು ಹೇಳಿರಲಿಲ್ಲವಲ್ಲ, ಕೊಟ್ಟ ಮಾತಿಗೆ ಎಲ್ಲಿ ತಪ್ಪಿದ?

ಮಾರನೆಯ ದಿನ ಕೆರೆಯಂಗಳದ ಮೈದಾನದಲ್ಲಿ ಹುಳಿಯಾರು ಮೊದಲೇ ಒಂದು ಗೋಲು ಹೊಡೆಯಿತು. ಆಮೇಲೆ ಆಟವೆಲ್ಲ ನೊಣವಿನಕೆರೆಯದೇ. ಹೊಡೆದದ್ದೆಲ್ಲ ಮಾಯಣ್ಣನ ಬಲಕ್ಕೆ, ಹೊಡೆದದ್ದೆಲ್ಲವನ್ನೂ ಅವನು ಬಲಗಾಲಿನಲ್ಲೇ ತಡೆದ. ನಡುನಡುವೆ ಎಡಗಾಲನ್ನು ಎಳೆದುಕೊಂಡು ಹೋಗಿ ಕಂಬ ಹಿಡಿದು ನಿಲ್ಲುತ್ತಿದ್ದ. ಎಂಥಾ ನಾಟಕ ಆಡ್ತಾನಪ್ಪ ಬಡ್ಡೀಮಗ ಎಂದುಕೊಂಡ ಹುಚ್ಚರಂಗಯ್ಯ. ಕೊನೆಯ ಎರಡು ನಿಮಿಷವಿದ್ದಾಗ ಗಂಗಣ್ಣ ಒಬ್ಬನೇ ಗೋಲಿನ ಮುಂದೆ ಸಿಕ್ಕಿದ. ಮಾಯಣ್ಣನ ಎಡಗಡೆ ಬಾಗಿಲು ತೆಗೆದಿಟ್ಟ ಮನೆಯ ಹಾಗೆ ಬಯಲಾಗಿತ್ತು. ಅವನು ಅರೆಗಳಿಗೆ ಅನುಮಾನಿಸಿ ಗೆರೆಯಾಚೆ ನಿಂತಿದ್ದ ಹುಚ್ಚರಂಗಯ್ಯನ ಕಡೆ ನೋಡಿದ. ಊರೆಲ್ಲ ನೋಡುತ್ತಿದ್ದ ಹಾಗೆ ಹುಚ್ಚರಂಗಯ್ಯ ಅಳಿಯನ ಬಲಗಾಲಿನ ಕಡೆಗೆ ಕೈ ಬೀಸಿದ. ಚೆಂಡು ಬಲಕ್ಕೆ ಹೋಯಿತು, ಮಾಯಣ್ಣನ ಪ್ಯಾಡಿಗೆ ಬಡಿದು ಆಚೆ ಸಿಡಿಯಿತು. ಆಟ ಮುಗಿದ ಸೀಟಿ ಊದಿದರು.

ಮಾಯಣ್ಣನಿಗೆ ಬಗ್ಗಿ ಪ್ಯಾಡು ಬಿಚ್ಚಲೂ ಆಗಲಿಲ್ಲ. ಬೇರೆಯವರು ಪಟ್ಟಿ ಸಡಿಲಿಸಿದಾಗ ಎಡಗಾಲು ಮೊಣಕಾಲಿನವರೆಗೆ ಊದಿ ನೀಲಿಗಟ್ಟಿತ್ತು. ಅಳಿಯ ಹೇಳಿದ್ದು ನಿಜವೆಂದು ಹುಚ್ಚರಂಗಯ್ಯನಿಗೆ ಆಗ ತಿಳಿಯಿತು. ತುಮಕೂರು ಕೈಗೆ ಬಂದಿತ್ತು, ತಾನೇ ತಳ್ಳಿದ್ದ. ಅಷ್ಟರಲ್ಲಿ ಮಾಯಣ್ಣ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಈ ಕಾಲು ಸತ್ತೋಗೈತೆ ಅಂತ ನಿನ್ನೇನೇ ನಮ್ಮಾವಂಗೆ ಹೇಳಿದ್ದೆ ಕಣ್ರಪ್ಪ," ಎಂದು ಸುತ್ತ ಇದ್ದವರಿಗೆಲ್ಲ ಹೇಳಿದ. "ಸ್ವಂತ ಊರು ಸೋತ್ರೂ ಬಾಯಿ ಬುಡ್ಲಿಲ್ಲ. ಇಂಥಾ ಮಾವ ಯಾರ್ಗೈತೆ?"

ನೊಣವಿನಕೆರೆಯವರು ಒಬ್ಬೊಬ್ಬರಾಗಿ ಹುಚ್ಚರಂಗಯ್ಯನತ್ತ ತಿರುಗಿದರು. ಇವನ ಮಾತನ್ನು ನಾನು ನಂಬಲೇ ಇಲ್ಲ ಕಣ್ರೋ ಎಂದು ಅವನಿಗೆ ಕೂಗಬೇಕೆನಿಸಿತು. ಹೇಗೆ ಕೂಗುವುದು? ನಂಬಿದ ಅಳಿಯ ಕೈ ಬಿಟ್ಟಿರಲಿಲ್ಲ.

ಗಂಗಣ್ಣ ಸ್ಟಿಕ್ಕನ್ನು ಹೆಗಲಿಗೇರಿಸಿಕೊಂಡು, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ ಹೇಳಿದ:

"ಬುಡಿ ರಂಗಯ್ನೋರೇ. ಅಳಿಯ ಅಂದ್ರೆ ಮನೆಮಗ. ನಾವು ಬರೀ ಊರೋರು."