ಖಾಲಿ ಗೋದಾಮು

"ಖಾಲಿ ಬಿದ್ದಿರೋ ಗೋದಾಮು ತಾನೇ ಮೇಡಂ, ಬೀಗದ ಕೈ ಕೊಡಿ," ಎಂದು ಸೇನಾಧಿಕಾರಿ ಕೈ ಚಾಚಿದಾಗ ನೂಲಿನ ಗಿರಣಿಯ ಮ್ಯಾನೇಜರಮ್ಮ ಬೀಗದ ಕೈ ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡಳು. ಗೇಟಿನಾಚೆ ಸೇನೆಯ ಲಾರಿಯಲ್ಲಿ ಪೇಟೆಯಲ್ಲಿ ಹಿಡಿದು ತಂದ ಜನ ಮುದುರಿ ಕೂತಿದ್ದರು. ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿತ್ತು.

"ಇವರನ್ನ ಇಲ್ಲಿ ಕೂಡಿಹಾಕ್ತೀರಾ?"

"ನಿಮ್ಮ ಸಾಹುಕಾರ್ರು ಆಗಲೇ ಒಪ್ಪಿದ್ದಾರೆ. ನಿಮ್ಮ ಸರಕಿಗೆ ನಮ್ಮ ಕಾವಲು ಬೇಕಲ್ಲ?"

ಅದು ಸುಳ್ಳಲ್ಲ. ಬೆಳಿಗ್ಗೆಯೇ ಸಾಹುಕಾರರು ದೂರದ ಊರಿನಿಂದ ಫೋನು ಮಾಡಿ, "ಅವರು ಕೇಳಿದ್ದು ಕೊಟ್ಟುಬಿಡಮ್ಮ, ಎದುರು ಹಾಕ್ಕೋಬೇಡ," ಎಂದಿದ್ದರು. ಯಾತಕ್ಕೆಂದು ಅವರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಈಗ ಅವಳೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. "ಸರ್, ಕಣ್ಣಿಗೆ ಬಟ್ಟೆ ಕಟ್ಟಿ ಜನರನ್ನ ತಂದಿದ್ದಾರೆ. ನಮ್ಮ ಗೋದಾಮಲ್ಲಿ ಕೂಡಿಹಾಕ್ತಾರಂತೆ. ಹೂಂ ಅನ್ನೋದಾದ್ರೆ ನೀವೇ ಅನ್ನಿ, ಅವರಿಗೂ ಕೇಳಿಸ್ಲಿ."

ಲಾರಿಯಲ್ಲಿದ್ದವರ ತಲೆಗಳು ದನಿ ಬಂದ ಕಡೆ ತಿರುಗಿದವು. ಅವಳು ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಸಾಹುಕಾರರು, "ಬೇಡಮ್ಮ, ಕೊಡಬೇಡ," ಎಂದರು.

"ಇನ್ಮೇಲೆ ನಿಮ್ಮ ಸರಕು ನೀವೇ ಕಾಯ್ಕೊಳ್ಳಿ," ಎಂದು ಅಧಿಕಾರಿ ಜೀಪು ಹತ್ತಿದ. ಲಾರಿಯೂ ಹೊರಟಿತು. ಅವರನ್ನು ಇನ್ನೆಲ್ಲಿಗೆ ಒಯ್ಯುತ್ತಾರೋ ಎಂದು ಅವಳು ನೋಡುತ್ತಿರುವಾಗಲೇ ಲಾರಿಯಿಂದ ಒಬ್ಬ ಕೂಗಿದ: "ಅಕ್ಕಾ, ನಿಮ್ಮ ಗಿರಣಿ ಫಿಟ್ಟರ್‌ನ ತಮ್ಮ ನಾನು! ಬದುಕಿದ್ದೀನಿ ಅಂತ ಅಣ್ಣನಿಗೆ ಹೇಳಿ!"

ಅವಳು ಗೇಟು ದಾಟಿ ಓಡಿದಳು. ಲಾರಿಯಿಂದ ಒಬ್ಬೊಬ್ಬರೂ ತಮ್ಮ ಹೆಸರು ಕೂಗತೊಡಗಿದರು. ಒಂದೂ ಮರೆಯಬಾರದೆಂದು ಅವಳು ಪ್ರತಿಯೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳುತ್ತಾ ರಸ್ತೆಯ ನಡುವೆಯೇ ನಿಂತಳು.