ಹರಕೆಯ ಅಂಗಿ

ಆ ಬೆಳಗ್ಗೆ ಅಡೂರ್ ನದಿಯ ಮಂಜು ಗುಡ್ಡದ ಮೇಲಿನ ಪ್ರಾರ್ಥನಾ ಮಂದಿರದ ಬಾಗಿಲವರೆಗೂ ಏರಿತ್ತು. ಒಳಗೆ ಗೋಡೆಯ ತುಂಬ ರಗ್ಬಿ ಆಟಗಾರರು ಮಾತೆ ಮರಿಯಳಿಗೆ ಹರಕೆ ಒಪ್ಪಿಸಿದ ಅಂಗಿಗಳು. ಅವುಗಳಲ್ಲೊಂದನ್ನು ತೋರಿಸಿ ಆರ್ನೋ ಕೇಳಿದ, "ಈ ಹರಕು ಅಂಗಿ ಯಾವ ಪುಣ್ಯಾತ್ಮಂದೋ?"

ಹಳೆಯ ಜೊತೆಗಾರ ಪೇಯೊ ನಕ್ಕುಬಿಟ್ಟ. "ಲೋ ಕೋಣ, ನಿಂದೇ ಕಣೋ! ಇದನ್ನ ಹಾಕ್ಕೊಂಡೇ ಅಲ್ವಾ ಅಷ್ಟು ವರ್ಷ ಎದುರಾಳಿಗಳನ್ನ ತಲೆ ಕೊಟ್ಟು ನೂಕಿದ್ದು?"

ಆರ್ನೋ ತಾನೂ ನಕ್ಕ. ಆದರೆ ಅಂಗಿಯ ತೋಳು ಹಿಡಿದು ಹಿಂದೆ ಮುಂದೆ ತಿರುಗಿಸಿದ. ಎಷ್ಟು ನೋಡಿದರೂ ಅದು ಪರರ ಬಟ್ಟೆಯಾಗಿಯೇ ಉಳಿಯಿತು. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳು ಮುಂದೆ ನೆನಪನ್ನು ತಿನ್ನಬಹುದೆಂದು ವೈದ್ಯರು ಹೇಳಿದ್ದರು. ಹಾಗಾದ ದಿನವೇ ಕಾರು ಓಡಿಸುವುದನ್ನು ಬಿಡುತ್ತೇನೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ.

ಪಕ್ಕದಲ್ಲಿ ಹೆಂಡತಿ ಮಯ್ಲೀಸಳ ಜಪ ನಿಂತುಹೋಗಿತ್ತು. "ತಮಾಷೆಗೆ ಕೇಳ್ದೆ ಅನ್ನು, ಆರ್ನೋ," ಎಂದು ಪಿಸುಗುಟ್ಟಿದಳು.

ಅವನು ಜೇಬಿನಿಂದ ಕಾರಿನ ಕೀಲಿ ತೆಗೆದು, ಸದ್ದಾಗದಂತೆ ಅವಳ ಅಂಗೈಯಲ್ಲಿಟ್ಟ.